ಹಳೆಯ ಶಾರ್ಟ್‌ವೇವ್ ರೇಡಿಯೋ: ಅಂಗಡಿಯಲ್ಲಿ ಆರಿಸೋದರಿಂದ ತಾರಸಿಯಲ್ಲಿ ಕೇಳೋವರೆಗೆ

ನಾನು ಕೊಂಡ ಮೊದಲ ಹಳೇ ರೇಡಿಯೋ ನೋಡೋಕೆ ಬಲು ಚೆಂದ ಇತ್ತು. ಚರ್ಮದ ಕವಚ, ಹೊಳೆಯುವ ಡಯಲ್, ಮಾರುದ್ದ ಆಂಟೆನಾ. ಅಂಗಡಿಯವರು ಸ್ವಿಚ್ ಒತ್ತಿದರು, ಎಫ್‌ಎಂನಲ್ಲಿ ಹಾಡು ಬಂತು, ದುಡ್ಡು ಎಣಿಸಿ ಕೊಟ್ಟೆ. ಮನೆಗೆ ಬಂದು, ದೂರದೇಶದ ನಿಲ್ದಾಣಗಳು ಬರುವ ಶಾರ್ಟ್‌ವೇವ್‌ಗೆ ತಿರುಗಿಸಿದರೆ ಮೂರು ಬ್ಯಾಂಡ್‌ನಲ್ಲೂ ಒಂದೇ ಸದ್ದು, ಸುಂಯ್ ಅಂತ. ಅದು ಈಗ ಶೋಕೇಸ್‌ನಲ್ಲಿ ಗೊಂಬೆಗಳ ಪಕ್ಕ ಕೂತಿದೆ.

ಆಮೇಲೆ ಕಲಿತ ಪಾಠ ಒಂದೇ. ಹಳೇ ರೇಡಿಯೋವನ್ನು ಕಣ್ಣಿಂದ ಕೊಳ್ಳಬಾರದು, ಕಿವಿಯಿಂದ ಕೊಳ್ಳಬೇಕು. ಡಬ್ಬಿ ಗೀಚಿದ್ದರೆ ಪರವಾಗಿಲ್ಲ, ಒಂದು ನಾಬ್ ಬೇರೆ ಬಣ್ಣದ್ದಾದರೂ ಪರವಾಗಿಲ್ಲ. ರಾತ್ರಿ ಎಂಟು ಗಂಟೆಗೆ 31 ಮೀಟರ್ ಅನ್ನೋ ಶಾರ್ಟ್‌ವೇವ್ ಬ್ಯಾಂಡ್‌ನಲ್ಲಿ ಅದು ಏನು ಕೇಳಿಸುತ್ತೆ ಅನ್ನೋದಷ್ಟೇ ಲೆಕ್ಕ.

ಮೊದಲು ಒಂದು ಪ್ರಶ್ನೆ: ಈಗ ಕೇಳೋಕೆ ಏನಾದರೂ ಉಳಿದಿದೆಯಾ?

ಉಳಿದಿದೆ, ಆದರೆ ಹಿಂದಿನಷ್ಟಿಲ್ಲ. ರೇಡಿಯೋ ನೆದರ್ಲೆಂಡ್ಸ್ 2012ರಲ್ಲಿ ಹೋಯಿತು. ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿ ಕೊನೆಗೆ ಶಾರ್ಟ್‌ವೇವ್ ಬಿಟ್ಟಿತು. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ಮುಗಿಯಿತು. ಆದರೂ ಬಿಬಿಸಿ ವರ್ಲ್ಡ್ ಸರ್ವಿಸ್‌ನ ಇಂಗ್ಲಿಷ್ ಪ್ರಸಾರ ನಮ್ಮ ಕಡೆಗೆ ಬರುತ್ತಿದೆ. ಚೀನಾ ರೇಡಿಯೋ ಇಂಟರ್‌ನ್ಯಾಷನಲ್ ಬೇಡವೆಂದರೂ ಎಲ್ಲ ಮೂಲೆಯಲ್ಲೂ ಸಿಗುತ್ತದೆ. ಜಪಾನಿನ ಎನ್‌ಎಚ್‌ಕೆ, ಕೊರಿಯಾದ ಕೆಬಿಎಸ್, ರೇಡಿಯೋ ರೊಮೇನಿಯಾ, ವಾಯ್ಸ್ ಆಫ್ ಟರ್ಕಿ, ಅದೃಷ್ಟ ಇದ್ದ ದಿನ ನ್ಯೂಜಿಲೆಂಡ್‌ನ ಆರ್‌ಎನ್‌ಜೆಡ್ ಪೆಸಿಫಿಕ್. ಇದರ ಜೊತೆ ಹ್ಯಾಮ್‌ಗಳ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರ, ಮಾತುಕತೆ, ವಿಮಾನಗಳಿಗೆ ಹೇಳುವ ಹವಾಮಾನ, ಸಮಯದ ಸಂಕೇತ. ರೇಡಿಯೋ ಸಿಲೋನ್‌ನ ಹಳೇ ಹಾಡಿನ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಮತ್ತೆ ಬರುತ್ತೆ ಅಂತ ಕೊಂಡರೆ ಬೇಸರವಾಗುತ್ತದೆ. ಗಾಳ ಹಾಕಿ ಕೂರುವ ತಾಳ್ಮೆ ಇದ್ದವರಿಗೆ ಬೇಸರವಿಲ್ಲ.

ಲೈಸೆನ್ಸ್ ಚಿಂತೆ ಬೇಡ. ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಳ್ಳುತ್ತಿದ್ದ ಕಾಲ 80ರ ದಶಕದಲ್ಲೇ ಮುಗಿಯಿತು. ಅಜ್ಜಿಯ ಟ್ರಂಕಿನಲ್ಲಿ ಆ ಪುಸ್ತಕ ಸಿಕ್ಕರೆ ಎಸೆಯಬೇಡಿ, ಅಷ್ಟೆ.

ಹೆಜ್ಜೆ 1: ಯಾವುದನ್ನು ಹುಡುಕಬೇಕು

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳೋದು ಸೋನಿಯ 7600 ಸಾಲು. ಅದರಲ್ಲೂ 1994ರ ಐಸಿಎಫ್-ಎಸ್‌ಡಬ್ಲ್ಯೂ7600ಜಿ ಅಥವಾ 2001ರಲ್ಲಿ ಬಂದು 2018ರವರೆಗೆ ತಯಾರಾದ 7600ಜಿಆರ್. ದಪ್ಪ ಪುಸ್ತಕದಷ್ಟು ಗಾತ್ರ, ನಾಲ್ಕು ಪೆನ್ ಸೆಲ್ ಸಾಕು, ನಂಬರ್ ಒತ್ತಿದರೆ ನಿಲ್ದಾಣ ಸಿಗುತ್ತದೆ. ಸಿಂಕ್ ಇದೆ, ಎಸ್‌ಎಸ್‌ಬಿ ಇದೆ, ಅವೇನು ಅಂತ ಮುಂದೆ ಹೇಳುತ್ತೇನೆ. "ಇದೇನು ವಿಂಟೇಜಾ?" ಅಂತ ಮೂಗು ಮುರಿಯುವವರಿದ್ದಾರೆ. ಮುರಿಯಲಿ ಬಿಡಿ.

ದೊಡ್ಡದು ಬೇಕು ಅನ್ನುವವರಿಗೆ ಸೋನಿಯದೇ ಐಸಿಎಫ್-2001ಡಿ ಇದೆ, ಅಮೆರಿಕದಲ್ಲಿ ಇದಕ್ಕೆ 2010 ಅಂತ ಹೆಸರು. 80ರ ದಶಕದ ಮಧ್ಯದಲ್ಲಿ ಬಂದದ್ದು, ಮೈತುಂಬ ಗುಂಡಿಗಳು. ವಿಮಾನ ನಿಲ್ದಾಣದ ಮಾತು ಕೇಳುವ ಏರ್ ಬ್ಯಾಂಡ್ ಕೂಡ ಇದೆ. ಮೂರು ದೊಡ್ಡ ಟಾರ್ಚ್ ಸೆಲ್ ಹಾಕಬೇಕು, ಜೊತೆಗೆ ಒಳಗಿನ ಕಂಪ್ಯೂಟರ್‌ಗೆ ಅಂತ ಎರಡು ಪೆನ್ ಸೆಲ್. ಈ ಎರಡು ಪೆನ್ ಸೆಲ್ ನೆನಪಿಡಿ. ಅವಿಲ್ಲದಿದ್ದರೆ ದೊಡ್ಡ ಸೆಲ್ ಎಷ್ಟೇ ಹೊಸದಾಗಿರಲಿ, ರೇಡಿಯೋ ಕಣ್ಣು ಬಿಡೋದಿಲ್ಲ. ಅದೇ ಕಾಲದ ಸ್ಯಾಂಗಿಯನ್ ಎಟಿಎಸ್-803ಎಗೂ ಇದೇ ಕತೆ. "ಸತ್ತಿದೆ" ಅಂತ ಅಗ್ಗಕ್ಕೆ ಮಾರುವ ಇಂಥ ಸೆಟ್‌ಗೆ ಬೇಕಿರೋದು ಕೆಲವೊಮ್ಮೆ ಬರೀ ಎರಡು ಸೆಲ್.

ಮುಳ್ಳು ಓಡುವ ಡಯಲ್ಲೇ ಬೇಕು ಅನ್ನುವವರಿಗೆ ಪ್ಯಾನಾಸೋನಿಕ್ ಆರ್‌ಎಫ್-2200. 70ರ ದಶಕದ್ದು. ತಲೆ ಮೇಲೆ ಗಿರಗಿರ ತಿರುಗುವ ಮೀಡಿಯಂ ವೇವ್ ಆಂಟೆನಾ, ಶಾರ್ಟ್‌ವೇವ್‌ಗೇ ಆರು ಬ್ಯಾಂಡ್. ಡಯಲ್ ಸರಿಯಾಗಿದೆಯಾ ಅಂತ ನೋಡಲು ಒಳಗೇ ಕ್ರಿಸ್ಟಲ್ ಮಾರ್ಕರ್ ಇದೆ. ಅದನ್ನು ಹಾಕಿದರೆ ಪ್ರತಿ 125 ಅಥವಾ 500 ಕಿಲೋಹರ್ಟ್ಜ್‌ಗೆ ಒಂದು ಸಿಳ್ಳೆ ಕೇಳುತ್ತದೆ. ಜರ್ಮನಿಯ ಗ್ರುಂಡಿಗ್ ಸ್ಯಾಟಲಿಟ್ 2100 ಸದ್ದಿನಲ್ಲಿ ಅರಸ. ಆದರೆ ಬ್ಯಾಂಡ್ ಬದಲಿಸುವ ಅದರ ಡ್ರಮ್ಮಿನ ಸಂಪರ್ಕಗಳು ಕಪ್ಪಾಗಿ ಕಾಟ ಕೊಡುತ್ತವೆ.

ಮನೆಯ ಅಟ್ಟದ ಮರ್ಫಿ, ಬುಷ್, ಫಿಲಿಪ್ಸ್ ಟ್ರಾನ್ಸಿಸ್ಟರ್‌ಗಳ ವಿಷಯ ಬೇರೆ. ಅವು ಸಿಕ್ಕರೆ ಬಿಡಬೇಡಿ, ಆದರೆ ದುಡ್ಡು ಸುರಿದು ಕೊಳ್ಳುವ ಅಗತ್ಯವೂ ಇಲ್ಲ. ಒಳಗೆ ನಮ್ಮ ಬೆಂಗಳೂರಿನ ಬಿಇಎಲ್ ಮುದ್ರೆಯ ಎಸಿ127, ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್ ಕಂಡರೆ ನನಗಂತೂ ಖುಷಿ. 60ರ ದಶಕದ ಕೆಲವು ಸೆಟ್‌ಗಳಲ್ಲಿ ಎಎಫ್114ರಿಂದ 117ರವರೆಗಿನ ಟ್ರಾನ್ಸಿಸ್ಟರ್ ಇರುತ್ತವೆ. ಅವುಗಳ ತವರದ ಡಬ್ಬಿಯೊಳಗೆ ಕೂದಲಿಗಿಂತ ಸಣ್ಣ ಲೋಹದ ಎಳೆಗಳು ತಾವಾಗೇ ಬೆಳೆದು ಶಾರ್ಟ್ ಆಗುತ್ತವೆ. ಬಳಸದೆ ಸುಮ್ನೆ ಇಟ್ಟರೂ ಹಾಳಾಗುತ್ತವೆ ಅಂದರೆ ಮೊದಲು ನಾನೂ ನಂಬಲಿಲ್ಲ.

ಎರಡನ್ನು ಮೊದಲ ಸಲಕ್ಕೆ ಬಿಟ್ಟುಬಿಡಿ. ಒಂದು, ಅಂಗೈಯಗಲದ ಸೋನಿ ಎಸ್‌ಡಬ್ಲ್ಯೂ1. ಪುಟ್ಟ ಕೆಪಾಸಿಟರ್‌ಗಳು ಸೋರಿ ಒಳಗಿನ ಬೋರ್ಡನ್ನು ತಿಂದಿರುತ್ತವೆ. ಎಸ್‌ಡಬ್ಲ್ಯೂ55ಕ್ಕೂ ಅದೇ ಕಾಯಿಲೆ. ಇನ್ನೊಂದು, ಪುಸ್ತಕದಂತೆ ತೆರೆಯುವ ಎಸ್‌ಡಬ್ಲ್ಯೂ100. ಹಳೆಯವುಗಳಲ್ಲಿ ಕೀಲಿನ ಹತ್ತಿರ ಪಟ್ಟಿಯಂಥ ಕೇಬಲ್ ಮುರಿಯುತ್ತದೆ. ವಾಲ್ವ್ ಇರುವ ಜೆನಿತ್ ಟ್ರಾನ್ಸ್-ಓಷಿಯಾನಿಕ್ ನೋಡಿ ಮನಸ್ಸು ಸೋತರೆ ಒಂದು ಮಾತು: ಅದಕ್ಕೆ ಬೇಕಾದ 90 ವೋಲ್ಟ್ ಬ್ಯಾಟರಿ ಈಗ ಯಾವ ಅಂಗಡಿಯಲ್ಲೂ ಸಿಗೋದಿಲ್ಲ.

ಹೆಜ್ಜೆ 2: ಎಲ್ಲಿ ಹುಡುಕಬೇಕು

ಮೊದಲು ನೆಂಟರ ಮನೆ. ತಮಾಷೆ ಅಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫ್‌ಗೆ ಹೋಗಿ ಬಂದವರ ಮನೆಯಲ್ಲಿ ಸೋನಿ, ನ್ಯಾಷನಲ್ ಪ್ಯಾನಾಸೋನಿಕ್ ಸೆಟ್‌ಗಳು ಇನ್ನೂ ಕಪಾಟಿನಲ್ಲಿವೆ. ಊರಿನ ಸುದ್ದಿಗಾಗಿ ಅಲ್ಲಿ ಕೊಂಡಿದ್ದು, ವಾಪಸ್ ಬರುವಾಗ ಜೊತೆಗೇ ತಂದದ್ದು. "ಮಾವ, ಆ ರೇಡಿಯೋ ಏನಾಯ್ತು?" ಅಂತ ಕೇಳಿದರೆ ಕೆಲವೊಮ್ಮೆ ಊಟದ ಜೊತೆ ರೇಡಿಯೋನೂ ಸಿಗುತ್ತದೆ. ಆದರೆ ಕಡಲ ಉಪ್ಪುಗಾಳಿ ಸಂಪರ್ಕಗಳನ್ನು ತಿನ್ನುತ್ತದೆ, ಹಾಗಾಗಿ ಬಳುವಳಿ ಬಂದದ್ದನ್ನೂ ಪರೀಕ್ಷೆ ಮಾಡಿ.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡ್ ಒಳಗಲ್ಲಿಗಳು, ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರು, ಊರೂರಿನ ಗುಜರಿ ಅಂಗಡಿ, ಹಳೇ ರೇಡಿಯೋ ರಿಪೇರಿಯವರು. ರಿಪೇರಿಯವರ ಹತ್ತಿರ ಯಾರೋ ಕೊಟ್ಟು ಮರೆತುಹೋದ ಸೆಟ್‌ಗಳು ಧೂಳು ಹಿಡಿದು ಕೂತಿರುತ್ತವೆ. ಮೊದಲ ದಿನವೇ ಬೆಲೆ ಕೇಳಬೇಡಿ. ಒಂದು ಚಹಾ ಕುಡಿದು ಬನ್ನಿ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಮೂರು ಚಿತ್ರ ಕೇಳಿ: ಸೆಲ್ ಹಾಕುವ ಗೂಡು, ಆಂಟೆನಾ ಪೂರ್ತಿ ಎಳೆದದ್ದು, ಆನ್ ಆಗಿರುವ ಡಿಸ್‌ಪ್ಲೇ. ಜೊತೆಗೆ ಶಾರ್ಟ್‌ವೇವ್‌ನಲ್ಲಿ ಒಂದು ನಿಲ್ದಾಣ ಮಾತಾಡುತ್ತಿರುವ ವಿಡಿಯೋ. "ಟೆಸ್ಟ್ ಮಾಡಿಲ್ಲ, ಸೆಲ್ ಇರಲಿಲ್ಲ" ಅಂದರೆ ನನ್ನ ಅನುವಾದ: ಟೆಸ್ಟ್ ಮಾಡಿದೆ, ನಡೆಯಲಿಲ್ಲ. ಹೊರದೇಶದಿಂದ ತರಿಸಿದರೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ, ಮೊದಲೇ ಲೆಕ್ಕ ಹಾಕಿ.

ಜಪಾನ್‌ನೊಳಗೆ ಮಾರಲು ಮಾಡಿದ ಸೆಟ್‌ಗಳ ಬಗ್ಗೆ ಎಚ್ಚರ. ಅವುಗಳ ಎಫ್‌ಎಂ 76ರಿಂದ 90 ಮೆಗಾಹರ್ಟ್ಜ್‌ಗೆ ಮುಗಿಯುವುದುಂಟು. ನಮ್ಮ ಬೆಂಗಳೂರಿನ ದೊಡ್ಡ ನಿಲ್ದಾಣಗಳು ಶುರುವಾಗೋದೇ 91.1ರಿಂದ. ರೇನ್‌ಬೋ 101.3, ವಿವಿಧ ಭಾರತಿ 102.9, ಒಂದೂ ಸಿಗೋದಿಲ್ಲ. ಜೊತೆಗೆ ಕರೆಂಟಿಗೆ 100 ವೋಲ್ಟ್ ಬೇಕು. ನಮ್ಮ 230ಕ್ಕೆ ಚುಚ್ಚಿದರೆ ಮೊದಲು ಹೊಗೆ, ಆಮೇಲೆ ಮೌನ.

ಹೆಜ್ಜೆ 3: ದುಡ್ಡು ಕೊಡುವ ಮುಂಚೆ ಅರ್ಧ ಗಂಟೆ

ಇಲ್ಲಿ ಅವಸರ ಮಾಡಬೇಡಿ. ಇಡೀ ಕೆಲಸದಲ್ಲಿ ಇದೇ ಮುಖ್ಯ.

ಚೀಲದಲ್ಲಿ ಇವಿಷ್ಟು ಇರಲಿ: ಆರು ಹೊಸ ಪೆನ್ ಸೆಲ್, ನಾಲ್ಕು ದೊಡ್ಡ ಸೆಲ್, ಒಂದು ಇಯರ್‌ಫೋನ್, ತುದಿಗೆ ಮೊಸಳೆ ಕ್ಲಿಪ್ ಹಾಕಿದ ಐದು ಮೀಟರ್ ತಂತಿ, ಮತ್ತೆ ಸರಿಯಾಗಿ ಕೆಲಸ ಮಾಡುವ ಯಾವುದಾದರೂ ಪುಟ್ಟ ಶಾರ್ಟ್‌ವೇವ್ ರೇಡಿಯೋ. ಈ ಕೊನೆಯದು ತೂಕದ ಕಲ್ಲಿದ್ದ ಹಾಗೆ. ಎಸ್‌ಪಿ ರೋಡ್‌ನಂಥ ಜಾಗದಲ್ಲಿ ನೂರು ಎಲ್‌ಇಡಿ ದೀಪ, ನೂರು ಚಾರ್ಜರ್. ಒಳ್ಳೆಯ ರೇಡಿಯೋ ಕೂಡ ಅಲ್ಲಿ ಮೂಕವಾಗುತ್ತದೆ. ನಿಮ್ಮ ಪುಟ್ಟ ರೇಡಿಯೋಗೆ ಸಿಕ್ಕ ನಿಲ್ದಾಣ ಅದಕ್ಕೆ ಸಿಗದಿದ್ದರೆ ತಪ್ಪು ರೇಡಿಯೋದ್ದು. ಎರಡಕ್ಕೂ ಸಿಗದಿದ್ದರೆ ತಪ್ಪು ಜಾಗದ್ದು, ಬೀದಿಗೆ ಬನ್ನಿ. ಸಂಜೆ ಐದೂವರೆಯ ಮೇಲೆ ಹೋಗಿ, ಆಗ ಶಾರ್ಟ್‌ವೇವ್ ಜೀವ ತುಂಬಿಕೊಳ್ಳುತ್ತದೆ.

ಮೊದಲು ಸೆಲ್ಲಿನ ಗೂಡು ತೆರೆಯಿರಿ. ಹಸಿರು, ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ. ಸ್ಪ್ರಿಂಗ್‌ಗೆ ಮಾತ್ರ ಆಗಿದ್ದರೆ ಸರಿಹೋಗುತ್ತದೆ. ಪುಡಿ ತಂತಿಯ ಜೊತೆ ಒಳಗೆ ಹೋಗಿದ್ದರೆ ಬೇಡ. ಮೂಗಿನ ಹತ್ತಿರ ಹಿಡಿದು ನೋಡಿ. ಸುಟ್ಟ ವಾಸನೆ ಅಥವಾ ಮೀನಿನಂಥ ವಾಸನೆ ಬಂದರೆ ಒಳಗೆ ಏನೋ ಸೋರಿದೆ ಅಂತ ಅರ್ಥ.

ಆಂಟೆನಾವನ್ನು ಪೂರ್ತಿ ಎಳೆದು, ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ನಿಲ್ಲದೆ ತೂಗಿದರೆ ಬುಡ ಮುರಿದಿದೆ.

ಸೆಲ್ ಹಾಕಿ ವಾಲ್ಯೂಮ್ ನಿಧಾನ ತಿರುಗಿಸಿ. ಗರಗರ ಬಂದರೆ ಭಯ ಬೇಡ, ಅದು ಧೂಳು. ಚೌಕಾಸಿಗೆ ಒಳ್ಳೆಯ ಕಾರಣ, ಅಷ್ಟೆ. ಮೀಡಿಯಂ ವೇವ್ ಹಾಕಿ. ಬೆಂಗಳೂರಿನಲ್ಲಿದ್ದರೆ 612ರ ಬಳಿ, ಧಾರವಾಡದ ಸುತ್ತ 765ರ ಬಳಿ ಆಕಾಶವಾಣಿ ಬರಬೇಕು. ಮಾತಿನ ಬದಲು ಬರೀ ಭೋರ್ ಅನ್ನೋ ಸದ್ದು ಬಂದರೆ ರೇಡಿಯೋ ಬೈಯಬೇಡಿ. ಆಕಾಶವಾಣಿಯ ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರ ಹಳೇ ಸೆಟ್‌ಗೆ ಹಾಗೇ ಕೇಳಿಸೋದು. ಅಂದಹಾಗೆ, ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಸ್ವಂತವಾಗಿ ಶುರುಮಾಡಿದ ರೇಡಿಯೋ ನಿಲ್ದಾಣಕ್ಕೆ ಇಟ್ಟ ಹೆಸರೇ ಆಕಾಶವಾಣಿ. ಇದನ್ನು ಹೇಳಿದರೆ ಬೆಲೆಯೇನೂ ಇಳಿಯಲ್ಲ, ಆದರೆ ಅಂಗಡಿಯವರ ಮುಖ ಅರಳುತ್ತದೆ.

ಎಫ್‌ಎಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದರ ದಾರಿಯೇ ಬೇರೆ. ಎಫ್‌ಎಂ ಸೊಗಸಾಗಿ ಹಾಡಿ ಶಾರ್ಟ್‌ವೇವ್ ಸತ್ತಿರಬಹುದು, ನನ್ನ ಮೊದಲ ಸೆಟ್‌ಗೆ ಆಗಿದ್ದು ಅದೇ.

ಈಗ ಶಾರ್ಟ್‌ವೇವ್. ಬ್ಯಾಂಡ್ ಸ್ವಿಚ್ಚನ್ನು ಒಂದೊಂದೇ ಬದಲಿಸಿ, ಪ್ರತಿ ಬ್ಯಾಂಡ್‌ನಲ್ಲೂ ಆಂಟೆನಾದ ತುದಿಯನ್ನು ಬೆರಳಿಂದ ಮುಟ್ಟಿ. ಸದ್ದು ಏರಬೇಕು. ಏನೂ ಬದಲಾಗದಿದ್ದರೆ ಆಂಟೆನಾದಿಂದ ಒಳಗಿನ ದಾರಿ ಎಲ್ಲೋ ಕಡಿದಿದೆ. ಒಂದೇ ಬ್ಯಾಂಡ್ ಸತ್ತಿದ್ದರೆ ಸ್ವಿಚ್ಚಿನ ಕೊಳೆ ಇರಬಹುದು, ಹತ್ತಿಪ್ಪತ್ತು ಸಲ ಆಚೀಚೆ ಮಾಡಿದರೆ ಎದ್ದೇಳುತ್ತದೆ.

ಡಯಲ್ ನಿಜ ಹೇಳುತ್ತಿದೆಯಾ ಅಂತ ನೋಡಲು 10 ಮೆಗಾಹರ್ಟ್ಜ್‌ಗೆ ಹೋಗಿ. ಚೀನಾದ ಬಿಪಿಎಂ ಎಂಬ ನಿಲ್ದಾಣ ಅಲ್ಲಿ ಸೆಕೆಂಡಿಗೊಂದು ಟಿಕ್ ಕಳಿಸುತ್ತದೆ, 5 ಮೆಗಾಹರ್ಟ್ಜ್‌ನಲ್ಲೂ ಸಿಗುತ್ತದೆ. ಮುಳ್ಳು ತುಸು ಆಚೀಚೆ ಇದ್ದರೆ ಚಿಂತೆಯಿಲ್ಲ.

ಒಂದು ನಿಲ್ದಾಣ ಹಿಡಿದು ಕಾಲು ಗಂಟೆ ಹಾಗೇ ಬಿಡಿ. ಅಷ್ಟು ಹೊತ್ತಿನಲ್ಲಿ ತಾನೇ ಜಾರಿಹೋದರೆ, ಸದ್ದು ಒಡೆದರೆ, ಡಿಸ್‌ಪ್ಲೇಯಲ್ಲಿ ಅಂಕಿಯ ಒಂದು ಕಾಲು ಮಾಯವಾದರೆ ನಿಮಗೇ ಗೊತ್ತಾಗುತ್ತದೆ. ಎಲ್ಲ ಗುಂಡಿಗಳನ್ನೂ ಒಮ್ಮೆ ಒತ್ತಿ. ಇಷ್ಟು ಹೊತ್ತು ಕೂತರೆ ಕೆಲವು ಅಂಗಡಿಯವರು ಗೊಣಗುತ್ತಾರೆ. ಗೊಣಗಿ ಎದ್ದೇಳಿಸಿದವರಿಂದ ನಾನು ಕೊಳ್ಳೋದಿಲ್ಲ.

ಕೊನೆಯದಾಗಿ ಹಿಂಬದಿಯ ಸ್ಕ್ರೂ ನೋಡಿ. ತಲೆ ಸವೆದು ಗೀಚಿದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ತೆರೆಯಲು ಬಿಟ್ಟರೆ ಒಳಗಿನ ಚೌಕ ಡಬ್ಬಿಗಳ ತಲೆಯ ಮೇಲಿರುವ ಬಣ್ಣದ ತಿರುಪುಗಳನ್ನು ಗಮನಿಸಿ. ಅವು ಕಾಯಿಲ್‌ನ ಕೋರ್, ರೇಡಿಯೋದ ಶ್ರುತಿ ಹೊಂದಿಸುವಂಥವು. ಅರೆಬರೆ ಗೊತ್ತಿದ್ದವರು ಮೊದಲು ತಿರುಗಿಸೋದೇ ಅವನ್ನು. ಅವು ಚೂರಾಗಿದ್ದರೆ ಒಂದು ನಮಸ್ಕಾರ ಹೇಳಿ ಬನ್ನಿ.

ಹೆಜ್ಜೆ 4: ಮನೆಗೆ ತಂದ ಮೇಲೆ ಒಂದು ಸ್ನಾನ

ಸೋರಿದ ಸೆಲ್ ಯಾವ ಜಾತಿಯದ್ದು ಅಂತ ಮೊದಲು ತಿಳಿಯಿರಿ. ಆಲ್ಕಲೈನ್ ಸೆಲ್ಲಿನದು ಕ್ಷಾರ, ಅದಕ್ಕೆ ನಿಂಬೆರಸ ಅಥವಾ ವಿನಿಗರ್. ಹಳೇ ಕಾಲದ ಅಗ್ಗದ ಜಿಂಕ್ ಸೆಲ್ಲಿನದು ಆಮ್ಲ, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಹಚ್ಚಿ, ಉಜ್ಜಿ, ಸ್ವಲ್ಪ ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಬೋರ್ಡಿನ ಹತ್ತಿರ ನಿಂಬೆರಸ ಹರಿಯಬಾರದು.

ಗರಗರ ಅನ್ನೋ ವಾಲ್ಯೂಮ್‌ಗೂ ಬ್ಯಾಂಡ್ ಸ್ವಿಚ್ಚಿಗೂ ಕಾಂಟ್ಯಾಕ್ಟ್ ಕ್ಲೀನರ್ ಅಂತಲೇ ಸ್ಪ್ರೇ ಸಿಗುತ್ತದೆ. ಒಂದು ಹನಿ ಹಾಕಿ ಇಪ್ಪತ್ತು ಸಲ ತಿರುಗಿಸಿ. ಬಾಗಿಲ ತಿರುಗಣೆಗೆ ಹಾಕುವ ಎಣ್ಣೆ ಸ್ಪ್ರೇ ಬೇಡ. ಅದು ಧೂಳು ಹಿಡಿದು ಆರು ತಿಂಗಳಿಗೆ ಮೊದಲಿಗಿಂತ ಕೆಟ್ಟದಾಗುತ್ತದೆ. ಹೊರಗಿನ ನಾಬ್‌ಗಳನ್ನು ಎಳೆದು ತೆಗೆದು ಸೋಪುನೀರಿನಲ್ಲಿ ನೆನೆಸಿ. ಡಯಲ್ ಮೇಲಿನ ಅಕ್ಷರಗಳನ್ನು ಮಾತ್ರ ಉಜ್ಜಬೇಡಿ, ಅವು ಒಮ್ಮೆ ಹೋದರೆ ಹೋದವು.

ಅಡಾಪ್ಟರ್ ಹಾಕಲೇಬೇಕೆಂದರೆ ಪಿನ್ನಿನ ಗುರುತು ನೋಡಿ. ಕೆಲವಕ್ಕೆ ನಡುವೆ ಪ್ಲಸ್, ಕೆಲವಕ್ಕೆ ಮೈನಸ್. ನಾನಂತೂ ಸೆಲ್ಲಿನ ಮೇಲೇ ಕೇಳೋದು, ಕಾರಣ ಮುಂದೆ ಬರುತ್ತದೆ.

ಹೆಜ್ಜೆ 5: ಮನೆಯ ಗಲಾಟೆ ಹಿಡಿಯಿರಿ

ರೇಡಿಯೋ ಚೆನ್ನಾಗಿದೆ, ಸೆಲ್ ಹೊಸದು, ಆದರೂ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಇಲ್ಲೇ ಸುಮಾರು ಜನ ಬೇಸತ್ತು ರೇಡಿಯೋವನ್ನು ಮತ್ತೆ ಮಾರಿಬಿಡುತ್ತಾರೆ. ತಪ್ಪು ಮನೆಯದ್ದು.

ಹೀಗೆ ಮಾಡಿ. ಮನೆಯವರಿಗೆ ಹೇಳಿ ಹತ್ತು ನಿಮಿಷ ಮೇನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರ್ ಕೂಡ. ರೇಡಿಯೋ ಸೆಲ್ಲಿನ ಮೇಲೆ ಓಡುತ್ತಿರಲಿ. ಗುಂಯ್ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಈಗ ಒಂದೊಂದೇ ಹಾಕುತ್ತಾ ಬನ್ನಿ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ವೈಫೈ, ಫ್ರಿಜ್ಜಿನ ಸ್ಟೆಬಿಲೈಸರ್. ಯಾವುದು ಹಾಕಿದಾಗ ಸದ್ದು ಮರಳಿತೋ ಅದೇ. ನಮ್ಮ ಮನೆಯಲ್ಲಿ ಸಿಕ್ಕಿಬಿದ್ದದ್ದು ದೇವರ ಕೋಣೆಯ ಹತ್ತು ರೂಪಾಯಿಯ ಮಿಣಿಮಿಣಿ ದೀಪದ ಸರ. ಅದನ್ನು ತೆಗೆಸಲು ನಡೆದ ಮಾತುಕತೆ ಇನ್ನೊಂದು ಲೇಖನಕ್ಕಾಗುತ್ತೆ. ರೇಡಿಯೋಗೆ ಹಾಕುವ ಚಾರ್ಜರ್ ತರಹದ ಅಡಾಪ್ಟರ್ ಕೂಡ ಇದೇ ಗಲಾಟೆ ಮಾಡುತ್ತದೆ. ಅದಕ್ಕೇ ಸೆಲ್.

ಕರೆಂಟ್ ಹೋದ ರಾತ್ರಿ ಎಲ್ಲರೂ ಬೈಯುವಾಗ ನಾನು ರೇಡಿಯೋ ಎತ್ತಿಕೊಂಡು ತಾರಸಿಗೆ ಓಡುತ್ತೇನೆ. ಇಡೀ ಬೀದಿ ಸುಮ್ಮನಾದಾಗ ಶಾರ್ಟ್‌ವೇವ್ ಎಷ್ಟು ತಿಳಿಯಾಗಿ ಕೇಳುತ್ತೆ ಅನ್ನೋದನ್ನು ಒಮ್ಮೆ ಕೇಳಿಯೇ ನಂಬಬೇಕು. ಎರಡು ನಿಮಿಷದಲ್ಲಿ ಪಕ್ಕದ ಮನೆಯ ಇನ್ವರ್ಟರ್ ಎದ್ದರೆ ಅದು ಬೇರೆ ಮಾತು.

ಮಲೆನಾಡು, ಕೊಡಗು, ಚಾಮರಾಜನಗರದ ಕಡೆಯವರಿಗೆ ಇನ್ನೊಂದು ವಿಶೇಷ ಅತಿಥಿ: ಆನೆ ಬರದಂತೆ ಹಾಕಿದ ಸೋಲಾರ್ ಬೇಲಿ. ಸೆಕೆಂಡಿಗೊಂದು ಟಕ್ ಅಂತ ರೇಡಿಯೋದಲ್ಲಿ ಬಡಿಯುತ್ತದೆ. ಒಂದು ಸಂಜೆ ಗೆಳೆಯನ ತೋಟದಲ್ಲಿ ಕೂತು "ನೋಡು, ಚೀನಾದ ಸಮಯ ಸಂಕೇತ" ಅಂತ ಜಂಬ ಕೊಚ್ಚಿಕೊಂಡಿದ್ದೆ. ಅದು ಅವರ ಬಾಳೆತೋಟದ ಬೇಲಿ. ಗುರುತು ಸುಲಭ. ಬೇಲಿಯ ಟಕ್ ಡಯಲ್ ಎಲ್ಲಿಗೆ ತಿರುಗಿಸಿದರೂ ಕೇಳುತ್ತದೆ, ಸಮಯದ ಟಿಕ್ ಒಂದೇ ಜಾಗದಲ್ಲಿ.

ಕಬ್ಬಿಣ ತುಂಬಿದ ಆರ್‌ಸಿಸಿ ಮನೆಯ ನಡುಕೋಣೆಯಲ್ಲಿ ಅಲೆ ಒಳಗೆ ಬರುವುದೇ ಕಷ್ಟ. ಕಿಟಕಿ, ಬಾಲ್ಕನಿ, ತಾರಸಿ, ಒಂದಕ್ಕಿಂತ ಮುಂದಿನದು ಉತ್ತಮ. ಹೆಂಚಿನ ಮನೆಯವರು ಪುಣ್ಯವಂತರು.

ಹೆಜ್ಜೆ 6: ಒಂದು ತಂತಿ, ಒಂದು ಎಚ್ಚರಿಕೆ

ಐದರಿಂದ ಹತ್ತು ಮೀಟರ್ ಮಾಮೂಲಿ ವೈರು. ಒಂದು ತುದಿ ಮೊಸಳೆ ಕ್ಲಿಪ್‌ನಿಂದ ಆಂಟೆನಾಕ್ಕೆ, ಇನ್ನೊಂದು ತುದಿ ನೈಲಾನ್ ದಾರ ಕಟ್ಟಿ ನೀರಿನ ಟ್ಯಾಂಕಿನ ಕಂಬಕ್ಕೋ ತೆಂಗಿನ ಮರಕ್ಕೋ. ಕರೆಂಟ್ ಲೈನಿನ ಹತ್ತಿರ ಮಾತ್ರ ಬೇಡವೇ ಬೇಡ. ತಂತಿ ಉದ್ದವಾದಷ್ಟೂ ಒಳ್ಳೆಯದು ಅನ್ನೋದು ಸುಳ್ಳು. ಜಾಸ್ತಿ ಉದ್ದವಾದರೆ ಬಲವಾದ ನಿಲ್ದಾಣಗಳು ಒಂದರ ಮೇಲೊಂದು ಬಿದ್ದು, ಇಲ್ಲದ ಜಾಗದಲ್ಲೂ ಕಾಣಿಸಿಕೊಳ್ಳುತ್ತವೆ.

ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿದರೆ ತಂತಿ ಕಳಚಿ ಹೊರಗೆ ಎಸೆಯಿರಿ. ಸಿಡಿಲು ನೇರ ಹೊಡೆಯಬೇಕಿಲ್ಲ. ದೂರದ ಗುಡುಗಿಗೇ ತಂತಿಯಲ್ಲಿ ಸೇರಿದ ವಿದ್ಯುತ್ ಸಾಕು. 2001ಡಿಯಲ್ಲಿ ಆಂಟೆನಾಕ್ಕೆ ಮೊದಲು ಎದುರಾಗುವ ಕ್ಯೂ303 ಎಂಬ ಪುಟ್ಟ ಟ್ರಾನ್ಸಿಸ್ಟರ್ ಹೀಗೆ ಸಾಯೋದಕ್ಕೇ ಹೆಸರುವಾಸಿ. ನನ್ನದು ಹೋದದ್ದು ಒಂದು ಮೇ ಸಂಜೆ, ಮಳೆ ಒಂದು ಹನಿಯೂ ಬಿದ್ದಿರಲಿಲ್ಲ. ಕೊಳ್ಳುವಾಗ 2001ಡಿ ಶಾರ್ಟ್‌ವೇವ್‌ನಲ್ಲಿ ಕಿವುಡಾಗಿ, ಎಫ್‌ಎಂನಲ್ಲಿ ಚೆನ್ನಾಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಬೆಸುಗೆ ಬಲ್ಲವರಿಗೆ ಅದನ್ನು ಬದಲಿಸುವುದು ದೊಡ್ಡ ಕೆಲಸವಲ್ಲ.

ಹೆಜ್ಜೆ 7: ಯಾವಾಗ, ಎಲ್ಲಿ ತಿರುಗಿಸಬೇಕು

ಹಳೇ ಡಯಲ್ ಮೀಟರ್‌ನಲ್ಲಿ ಮಾತಾಡುತ್ತದೆ, ಹೊಸದು ಮೆಗಾಹರ್ಟ್ಜ್‌ನಲ್ಲಿ. 300ನ್ನು ಒಂದರಿಂದ ಭಾಗಿಸಿದರೆ ಇನ್ನೊಂದು. 300 ಭಾಗಿಸು 9.6, ಅಂದರೆ ಸುಮಾರು 31 ಮೀಟರ್.

ನೆನಪಿಡಲು ಸುಲಭದ ಸೂತ್ರ: ಮೆಗಾಹರ್ಟ್ಜ್ ಲೆಕ್ಕದಲ್ಲಿ ಬಿಸಿಲಿಗೆ ದೊಡ್ಡ ಸಂಖ್ಯೆ, ಕತ್ತಲಿಗೆ ಚಿಕ್ಕ ಸಂಖ್ಯೆ. ಶಾರ್ಟ್‌ವೇವ್ ನೇರ ಬರೋದಿಲ್ಲ, ಮೇಲಿನ ಅಯಾನುಮಂಡಲಕ್ಕೆ ಬಡಿದು ಕೆಳಗಿಳಿಯುತ್ತದೆ. ಹಗಲು ಸೂರ್ಯ ಅದರ ಕೆಳಪದರವನ್ನು ದಪ್ಪ ಮಾಡುತ್ತಾನೆ, ಅದು ಚಿಕ್ಕ ಸಂಖ್ಯೆಯ ಅಲೆಗಳನ್ನು ನುಂಗಿಬಿಡುತ್ತದೆ. ರಾತ್ರಿ ಆ ಪದರ ಕರಗುತ್ತದೆ. ಹಾಗಾಗಿ ಮಧ್ಯಾಹ್ನ 15.1ರಿಂದ 15.8 ಮತ್ತು 17.5ರಿಂದ 17.9 ಮೆಗಾಹರ್ಟ್ಜ್. ಸಂಜೆ ಏಳರಿಂದ ಹತ್ತು ನಮ್ಮ ಹಬ್ಬದ ಹೊತ್ತು: 11.6ರಿಂದ 12.1, 9.4ರಿಂದ 9.9, 7.2ರಿಂದ 7.45. ಇನ್ನೂ ತಡವಾದರೆ 5.9ರಿಂದ 6.2. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಇನ್ನೊಂದು ಒಳ್ಳೆಯ ಸಮಯ, ಬೀದಿಯೂ ಮಲಗಿರುತ್ತದೆ.

ಹೀಗೆ ಬಡಿದು ಇಳಿಯುವುದರಿಂದಲೇ ಒಂದು ವಿಚಿತ್ರ. ಬೆಂಗಳೂರಿನ ಹೊರವಲಯದಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್ ಶಾರ್ಟ್‌ವೇವ್ ಪ್ರೇಷಕಗಳನ್ನು ಹಾಕಿದ್ದು ದೂರದ ದೇಶಗಳಿಗೆ. ಅಲ್ಲಿಂದ ಹೊರಟ ಅಲೆ ನಮ್ಮ ತಲೆ ಮೇಲೆ ಹಾರಿಹೋಗುತ್ತದೆ. ಪಕ್ಕದ ಊರಿನವರಿಗೆ ಕ್ಷೀಣ, ಸಾವಿರಾರು ಕಿಲೋಮೀಟರ್ ಆಚೆಯವರಿಗೆ ಸ್ಪಷ್ಟ.

ನಿಲ್ದಾಣಗಳ ವೇಳಾಪಟ್ಟಿ ವರ್ಷಕ್ಕೆರಡು ಸಲ ಬದಲಾಗುತ್ತದೆ, ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಐಬಿ (EiBi) ಎಂಬ ಹೆಸರಿನ ಪಟ್ಟಿ ಅಂತರ್ಜಾಲದಲ್ಲಿ ಉಚಿತ. ಸಮಯ ಯುಟಿಸಿ ಎಂಬ ಅಂತಾರಾಷ್ಟ್ರೀಯ ಲೆಕ್ಕದಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸಿ. ಅಲ್ಲಿ 1330 ಅಂದರೆ ನಮಗೆ ಸಂಜೆ ಏಳು.

ಹೆಜ್ಜೆ 8: ಸಿಂಕ್ ಮತ್ತು ಬಾತುಕೋಳಿ ಭಾಷೆ

ದೂರದ ನಿಲ್ದಾಣ ಉಸಿರಾಡಿದಂತೆ ಏರಿಳಿಯುತ್ತದೆ. ಇಳಿದಾಗ ಮಾತು ಒಡೆದು ಕರ್ಕಶವಾಗುತ್ತದೆ. ಮಾತನ್ನು ಹೊತ್ತು ತರುವ ಮೂಲ ಅಲೆ ದಾರಿಯಲ್ಲಿ ಸೊರಗಿದ್ದೇ ಕಾರಣ. ಸಿಂಕ್ ಇರುವ ರೇಡಿಯೋ ಆ ಅಲೆಯನ್ನು ತಾನೇ ಒಳಗೆ ತಯಾರಿಸಿ ಜೋಡಿಸುತ್ತದೆ. ಸದ್ದು ಇಳಿದರೂ ಮಾತು ಒಡೆಯೋದಿಲ್ಲ. ಇನ್ನೊಂದು ಲಾಭ, ನಿಲ್ದಾಣದ ಮೇಲಿನ ಪಕ್ಕವೋ ಕೆಳಗಿನ ಪಕ್ಕವೋ ಆರಿಸಿಕೊಳ್ಳಬಹುದು. ನೀವು ಕೇಳುವ ನಿಲ್ದಾಣಕ್ಕಿಂತ 5 ಕಿಲೋಹರ್ಟ್ಜ್ ಮೇಲೆ ಗಲಾಟೆಯ ನಿಲ್ದಾಣವಿದ್ದರೆ ಕೆಳಗಿನ ಪಕ್ಕ ಕೇಳಿ. ಕಿಟಕಿ ಮುಚ್ಚಿದ ಹಾಗಾಗುತ್ತದೆ.

ಎಸ್‌ಎಸ್‌ಬಿ ಅಂದರೆ ಹ್ಯಾಮ್‌ಗಳ ಭಾಷೆ, ಮೂಲ ಅಲೆಯನ್ನು ಬಿಟ್ಟು ಮಾತಿನ ಒಂದೇ ಪಕ್ಕವನ್ನು ಕಳಿಸುವ ಪದ್ಧತಿ. ಮಾಮೂಲಿ ಸ್ಥಿತಿಯಲ್ಲಿ ಬಾತುಕೋಳಿ ಕೂಗಿದಂತಿರುತ್ತದೆ. ಬೆಳಗ್ಗೆ 7.0ರಿಂದ 7.2 ಮೆಗಾಹರ್ಟ್ಜ್‌ಗೆ ಹೋಗಿ ಎಲ್‌ಎಸ್‌ಬಿ (ಕೆಳಗಿನ ಪಕ್ಕ) ಹಾಕಿ, ನುಣುಪಾಗಿ ತಿರುಗಿಸುತ್ತಾ ಹೋಗಿ. ಬಾತುಕೋಳಿ ಇದ್ದಕ್ಕಿದ್ದಂತೆ ಮನುಷ್ಯನಾಗಿ "ಗುಡ್ ಮಾರ್ನಿಂಗ್" ಅನ್ನುತ್ತದೆ. ದಕ್ಷಿಣದ ಹ್ಯಾಮ್‌ಗಳು ಹವಾಮಾನ, ಆಂಟೆನಾ, ತಿಂಡಿ, ಎಲ್ಲ ಮಾತಾಡುತ್ತಾರೆ. 10 ಮೆಗಾಹರ್ಟ್ಜ್‌ಗಿಂತ ಮೇಲೆ ಅವರದು ಯುಎಸ್‌ಬಿ (ಮೇಲಿನ ಪಕ್ಕ). ಯುಎಸ್‌ಬಿಯಲ್ಲೇ 11387 ಅಥವಾ 6676 ಕಿಲೋಹರ್ಟ್ಜ್ ಹಾಕಿ, ಗಡಿಯಾರದಲ್ಲಿ 25 ಅಥವಾ 55 ನಿಮಿಷ ಆಗುವಾಗ ಕಾಯಿರಿ. ಮುಂಬೈ ವಾಲ್ಮೆಟ್ ವಿಮಾನಗಳಿಗೆ ಗಾಳಿ, ಮೋಡ, ಉಷ್ಣಾಂಶ ಓದುವ ಸರದಿ ಅದು. ಅದಕ್ಕೆ ಐದು ನಿಮಿಷ ಮೊದಲು ಸಿಂಗಪುರದ್ದು.

ಹೆಜ್ಜೆ 9: ಬರೆದಿಡಿ, ಕಾಗದ ಹಾಕಿ

ಒಂದು ಶಾಲಾ ನೋಟ್‌ಬುಕ್ ಸಾಕು. ದಿನಾಂಕ, ಯುಟಿಸಿ ಸಮಯ, ಫ್ರೀಕ್ವೆನ್ಸಿ, ಕೇಳಿದ್ದೇನು. ಸಿನ್ಪೋ ಎಂಬ ಐದು ಅಂಕಿಯ ಗುರುತೂ ಇದೆ: ಬಲ, ಪಕ್ಕದವರ ಕಾಟ, ಸದ್ದುಗದ್ದಲ, ಏರಿಳಿತ, ಒಟ್ಟಾರೆ. ಪ್ರತಿಯೊಂದಕ್ಕೂ 1ರಿಂದ 5. 55555 ಅಂದರೆ ಪಕ್ಕದ ಮನೆಯ ಮಾತಿನಷ್ಟು ಸ್ಪಷ್ಟ. ನನ್ನ ಪುಸ್ತಕದಲ್ಲಿ ಬಹುಪಾಲು 34333.

ಈ ವಿವರದ ಜೊತೆ ಕಾರ್ಯಕ್ರಮದಲ್ಲಿ ಕೇಳಿದ್ದನ್ನು ನಾಲ್ಕು ಸಾಲು ಬರೆದು ನಿಲ್ದಾಣಕ್ಕೆ ಕಳಿಸಿದರೆ ಹಲವರು ಕ್ಯೂಎಸ್‌ಎಲ್ ಕಾರ್ಡ್ ಕಳಿಸುತ್ತಾರೆ, "ಹೌದು, ನೀವು ಕೇಳಿದ್ದು ನಮ್ಮನ್ನೇ" ಅನ್ನುವ ಚಿತ್ರದ ಕಾರ್ಡು. ಈಗ ಇಮೇಲ್ ವರದಿಯೂ ನಡೆಯುತ್ತದೆ. "ಕಾರ್ಯಕ್ರಮ ಚೆನ್ನಾಗಿತ್ತು" ಅಂತ ಮಾತ್ರ ಬರೆಯಬೇಡಿ. ಯಾವ ನಿಮಿಷಕ್ಕೆ ಯಾವ ಸುದ್ದಿ, ಯಾವ ವಾದ್ಯ, ಅದನ್ನು ಬರೆಯಿರಿ. ಸದ್ದು ಚೆನ್ನಾಗಿರಲಿಲ್ಲ ಅಂತಲೂ ಧೈರ್ಯವಾಗಿ ಬರೆಯಿರಿ, ಅವರ ಎಂಜಿನಿಯರ್‌ಗಳಿಗೆ ಬೇಕಿರೋದು ಅದೇ.

ಒಂದು ವಾರಕ್ಕಿಂತ ಜಾಸ್ತಿ ಕೇಳೋದಿಲ್ಲ ಅಂತಾದರೆ ಸೆಲ್ ತೆಗೆದಿಡಿ. ಮಳೆಗಾಲದಲ್ಲಿ ರೇಡಿಯೋವನ್ನು ಚರ್ಮದ ಕವಚದಿಂದ ಹೊರಗೆ ತೆಗೆದು, ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ತಿಂಗಳಿಗೊಮ್ಮೆ ಹೊರಗೆ ತೆಗೆದು ಎಲ್ಲ ಸ್ವಿಚ್ಚು, ನಾಬ್‌ಗಳನ್ನು ಹತ್ತು ಸಲ ಆಡಿಸಿ. ಸೆಲ್ ತೆಗೆದಾಗ 7600ಜಿಆರ್‌ನ ಗಡಿಯಾರ ಸೊನ್ನೆಗೆ ಹೋಗಿರುತ್ತದೆ. ಮತ್ತೆ ಸರಿಮಾಡಲು 10 ಮೆಗಾಹರ್ಟ್ಜ್‌ನ ಟಿಕ್ ಇದ್ದೇ ಇದೆ.